ಮಾರಕ್ಕನ ಸೊಪ್ಪು

ತಿಕ್ಕಿದ ಸೊಪ್ಪಿನ ಹಸಿ ಘಾಟು ಮೂಗಿಗೆ ಬಡಿಯಿತು. ಶೇಂಗಾ ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಸೊಸೆಯ ಬೆರಳಿಗೆ ಕುಡುಗೋಲು ತಗುಲಿತ್ತು. ಅಲ್ಲೇ ಇದ್ದ ಸೊಪ್ಪನ್ನು ಕಿತ್ತು, ಅಂಗೈಯಲ್ಲಿ ತಿಕ್ಕಿ ರಸ ಹಿಂಡುತ್ತಾ, "ಮಾರಕ್ಕನ ಸೊಪ್ಪು ಐತಲ್ಲ ಅತ್ತೆ, ಈಗ ನಿಲ್ತದೆ" ಅಂದಳು. ರಕ್ತ ನಿಂತಿತು. ನನ್ನ ಹೊಟ್ಟೆಯುರಿ ನಿಲ್ಲಲಿಲ್ಲ. ಹಲ್ಲೆಲ್ಲ ಉದುರಿದ ಮೇಲೂ ಆ ಹೆಸರು ಕೇಳಿದರೆ ನನಗೆ ಉರಿಯುತ್ತದೆ.

ಕೊಂಡ್ಲಹಳ್ಳಿ ಕಡೆ ನನ್ನ ತವರು, ಮಣ್ಣಿನ ಮಾಳಿಗೆ ಮನೆ. ಒಳಗೆ ಕಾಲಿಟ್ಟರೆ ತೊಲೆಗೆ ಕಟ್ಟಿದ ಲಕ್ಕಿ ಸೊಪ್ಪಿನ ವಾಸನೆ, ಒಲೆಯ ಹೊಗೆ, ಆಡಿನ ಹಿಕ್ಕೆ. ಅವ್ವ ಊರವರಿಗೆ ಮದ್ದು ಕೊಡುತ್ತಿದ್ದಳು. ಆಕೆಗೆ ಹೆಸರಿನ ಹುಚ್ಚು. ನೆಲ ಬಿಟ್ಟು ಏಳದ ನೆಲ್ಲಿ ನೆಲನೆಲ್ಲಿ. ದಂಟಿಗೆ ಒಂದೇ ಎಲೆ ಬಿಡುವುದು ಒಂದೆಲಗ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಊರೆಲ್ಲ ಗಾದೆ ಹೇಳಿದರೆ, ಅವ್ವ ಆಡುಸೋಗೆಯನ್ನು ನಮ್ಮ ಆಡಿನ ಮೂತಿಗೆ ಹಿಡಿದು, ಅದು ಮುಖ ತಿರುಗಿಸುವುದನ್ನು ತೋರಿಸಿ ನಗುತ್ತಿದ್ದಳು. ಬದುವಿನ ಮೇಲೆ ಬಿಳಿ ಎಸಳು, ಹಳದಿ ನಡುವಿನ ಹೂ ಬಿಡುವ ಗಿಡಕ್ಕೆ ಮಾತ್ರ ನಮ್ಮಲ್ಲಿ ಹೆಸರಿರಲಿಲ್ಲ.

ನಮ್ಮಕ್ಕ ಮಾರಕ್ಕ ಸಜ್ಜೆ ಕೊಯ್ಯುವಾಗ ಪಾದ ಕೊಯ್ದುಕೊಂಡಳು. ಓಡಿಹೋಗಿ ಆ ಸೊಪ್ಪು ಕಿತ್ತು ತಂದವಳು ನಾನು. ಜಗಿದು ಕೊಟ್ಟವಳೂ ನಾನೇ. ಬಾಯೆಲ್ಲ ಕಹಿಯಾಗಿ ಮುದ್ದೆ ಸೇರಲಿಲ್ಲ. ಅವಳು ಅವ್ವನ ತೊಡೆ ಮೇಲೆ ಕಾಲು ಚಾಚಿಕೊಂಡು ಬೆಲ್ಲ ತಿಂದಳು. ಆಮೇಲೆ ಗಾಯವಾದವರೆಲ್ಲ ಬಂದು, "ಮಾರಕ್ಕಂಗೆ ಹಚ್ಚಿದ್ರಲ್ಲ, ಆ ಸೊಪ್ಪು ಕೊಡ್ರಿ" ಅನ್ನತೊಡಗಿದರು. ಬರಬರುತ್ತಾ ಹಚ್ಚಿದ್ದು ಅನ್ನುವ ಮಾತು ಉದುರಿಹೋಯಿತು, ಮಾರಕ್ಕನ ಸೊಪ್ಪು ಅನ್ನುವ ಹೆಸರು ಉಳಿಯಿತು. "ಕಿತ್ತು ತಂದೋಳು ನಾನು, ಹೆಸರು ಅವಳದಾ?" ಎಂದು ಅವ್ವನನ್ನು ಕೇಳಿದೆ. "ರಕ್ತ ಸುರಿಸಿದೋಳು ಅವ್ಳು ಕಣೇ" ಅಂದಳು ಅವ್ವ. ಅಕ್ಕ ಕೂತಲ್ಲಿಂದಲೇ, "ಅಳಬ್ಯಾಡ ಬಿಡೇ ತಿಪ್ಪಕ್ಕ, ನಿಂಗೂ ಐತೆ. ತಿಪ್ಪೆ ಮ್ಯಾಲೆ ಬೆಳೆಯೋದೆಲ್ಲ ತಿಪ್ಪಕ್ಕನ ಸೊಪ್ಪೇ" ಎಂದು ಕಿಸಕ್ಕನೆ ನಕ್ಕಳು. ಮುಂದೆ ಆ ಮಾತನ್ನೂ ಆಡಬೇಕಾಗಿರಲಿಲ್ಲ. ತಿಪ್ಪೆ ಕಂಡರೆ ಸಾಕು, ನನ್ನತ್ತ ನೋಡಿ ನಗುವಳು. ಮುದುಕಿಯಾದರೂ ಬಿಡಲಿಲ್ಲ.

ಆ ಮನೆ ಬಿತ್ತು, ಅವ್ವ ಹೋದಳು, ಹೋದ ವರ್ಷ ಅಕ್ಕನೂ ಹೋದಳು. ನಿಮ್ಮಲ್ಲೂ ಇಂಥದೊಂದು ಹೆಸರು ಇದ್ದೀತು. ಕರೆಯುವವರು ಇದ್ದಾರೆ, ಹೆಸರಿನವರು ಇಲ್ಲ.

ಸೊಸೆ ಬೆರಳಿಗೆ ಬಟ್ಟೆ ಸುತ್ತಿ, ಉಳಿದ ಎಲೆಯನ್ನು ಕಣ್ಣಿಗೊತ್ತಿಕೊಂಡು, "ಮಾರಮ್ಮ ತಾಯಿ ಹೆಸರಿನ ಸೊಪ್ಪು ಅಲ್ವಾ" ಅಂದಳು. ನನಗೆ ತಡೆಯಲಾಗಲಿಲ್ಲ.

"ಮಾರಮ್ಮಂಗೆ ಗುಡಿ ಐತೆ, ಬೇವು ಐತೆ. ಇದು ನಮ್ಮಕ್ಕಂದು. ಕಿತ್ತು ತಂದೋಳು ನಾನು."

"ಹಂಗಾದ್ರೆ ನಿಮ್ಮ ಹೆಸರಿಂದು ಯಾವ್ದೂ ಇಲ್ವಾ ಅತ್ತೆ?"

"ಐತೆ. ತಿಪ್ಪೆ ಮ್ಯಾಲೆ ನೋಡು."

ಅವಳು ಹೊಲದ ಮೂಲೆಯ ತಿಪ್ಪೆಯ ಕಡೆ ನಿಜವಾಗಿಯೂ ತಿರುಗಿ ನೋಡಿದಳು. ನಗಲಿಲ್ಲ. ಆ ಮಾತಿಗೆ ನಗುತ್ತಿದ್ದವಳು ಒಬ್ಬಳೇ.