ಅಕ್ಕ ಶಾಲೆ ಕನ್ನಡ ಮಾತಾಡಿದ ದಿನ

ಸತ್ತವರ ಮನೆಯಲ್ಲಿ ದನಿ ಏರಿಸಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಏರಿಸಲಿಲ್ಲ. ಆದರೆ ಗುಲಾಬಿ ಅಕ್ಕ ತೀರಿಕೊಂಡ ದಿನದಿಂದ ಉತ್ತರಕ್ರಿಯೆಯ, ಅಂದರೆ ಬೊಜ್ಜದ, ಊಟ ಮುಗಿಯುವ ತನಕ, ಅಷ್ಟೂ ದಿನ, ಮನಸ್ಸಿನೊಳಗೆ ಎಲ್ಲರಿಗೂ ಬೈಯುತ್ತಿದ್ದೆ. ಸಮಾಧಾನ ಹೇಳಲು ಬಂದವರಿಗೆ ಬೈದೆ, ಬಾರದವರಿಗೆ ಬೈದೆ, ಬೊಜ್ಜದ ದಿನ ಸಾಂಬಾರಿಗೆ ಉಪ್ಪು ಸಾಲದು ಎಂದ ದೂರದ ನೆಂಟನಿಗಂತೂ ಎರಡು ಸಲ ಬೈದೆ. ನನಗೆ ಅಳಲು ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಅಂಥವರು ನೀರಿಗೆ ಬಿದ್ದರೆ ಕೈಕಾಲು ಬಡಿಯುತ್ತಾರೆ. ನನ್ನ ಸಿಟ್ಟು ಅಷ್ಟೇ.

ಅಕ್ಕನ ಮನೆ ಕುದ್ರುವಿನಲ್ಲಿ. ಹೊಳೆ ಸಮುದ್ರ ಸೇರುವ ಮೊದಲು ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ನಡುವೆ ಉಳಿಯುವ ನೆಲಕ್ಕೆ ನಾವು ಕುದ್ರು ಎನ್ನುತ್ತೇವೆ. ನಮ್ಮದು ಸಣ್ಣ ಕುದ್ರು; ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಮನೆಯವರು "ಎಂತ?" ಎನ್ನುತ್ತಾರೆ. ನಾವಿಬ್ಬರೂ ಅಲ್ಲೇ ಹುಟ್ಟಿದವರು. ಅಕ್ಕನನ್ನು ನಾಲ್ಕು ಮನೆ ಆಚೆಗೆ ಕೊಟ್ಟದ್ದರಿಂದ ಅವಳು ಅಲ್ಲೇ ಉಳಿದಳು. ನನ್ನನ್ನು ಹೊಳೆ ದಾಟಿಸಿ ಶಾಲೆಗೆ ಕಳಿಸಿದ್ದರಿಂದ ನಾನು ಹೊರಗಾದೆ. ಹತ್ತನೇ ತರಗತಿ ಮುಗಿಸಿ, ಹೊಲಿಗೆ ಕಲಿತು, ತಲ್ಲೂರಿನಲ್ಲಿ ಟೈಲರ್ ಅಂಗಡಿ ಹಾಕಿದೆ. ಅಕ್ಕ ನೀರು ಇಳಿದ ಹೊತ್ತಿಗೆ ಹೊಳೆಗಿಳಿದು, ಕಾಲಬೆರಳಿನಿಂದಲೇ ಕೆಸರಿನಲ್ಲಿ ತಡಕಿ, ಸಾರಿಗೆ ಹಾಕುವ ಚಿಪ್ಪು ಹೆಕ್ಕುತ್ತಿದ್ದಳು. ಬುಟ್ಟಿ ತುಂಬಿದ ಮೇಲೆ ಕುಂದಾಪುರದ ಪೇಟೆಯಲ್ಲಿ ಮಾರುತ್ತಿದ್ದಳು.

ನನ್ನ ಕಣ್ಣಿಗೆ ಕುದ್ರುವಿನ ಸುತ್ತ ಇರುವುದು ಬರೀ ನೀರು. ಅವಳಿಗೆ ಅದು ಗೊತ್ತಿರುವ ಕೇರಿ. ಪ್ರತಿ ತಿರುವಿಗೂ, ಗುಂಡಿಗೂ, ಮುಳುಗಿದ ಬಂಡೆಗೂ ಒಂದು ಹೆಸರು, ಹೆಸರಿಗೊಂದು ಕತೆ. ಹಿಂದೆಂದೋ ನೆಲ ಅಳೆಯಲು ಬಂದ ಶ್ಯಾನುಭೋಗರು ದೋಣಿಯಿಂದ ಜಾರಿ ಬಿದ್ದು, ಪಂಚೆ ಹೊಳೆಗೆ ಬಿಟ್ಟು ಕೋಮಣದಲ್ಲಿ ಮೇಲೆದ್ದ ಜಾಗ ಕೋಮಣಗುಂಡಿ. ಅತ್ತೆಯ ಕಾಟ ತಾಳದ ಹೆಣ್ಣೊಬ್ಬಳು ಈಜಿಕೊಂಡೇ ತವರಿಗೆ ಹೋದ ದಾರಿ ಸೊಸೆಹಾದಿ. ಇದ್ಯಾವುದೂ ಯಾವ ಪುಸ್ತಕದಲ್ಲೂ ಇಲ್ಲ. ಇದ್ದದ್ದು ಅಕ್ಕನ ಬಾಯಲ್ಲಿ, ಅವಳ ಕುಂದಾಪ್ರ ಕನ್ನಡದಲ್ಲಿ. ಕುದ್ರುವಿನ ಚರಿತ್ರೆ ಎಂದರೆ ಅದೇ. ನಮಗಾಗಿ ದೋಣಿ ಹತ್ತಿ ಬಂದ ರಾಜ ಯಾರೂ ಇಲ್ಲ.

ಈ ಕನ್ನಡದ ಮಾತು ಬಂದರೆ ನನ್ನ ಸಿಟ್ಟಿಗೆ ಇನ್ನೊಂದು ಹಿಡಿ ಮೆಣಸು ಬೀಳುತ್ತದೆ. ಮೂರನೇ ತರಗತಿಯಲ್ಲಿ ನಾನು "ನಾಳೆ ಬತ್ತೆ ಸರ್" ಎಂದದ್ದಕ್ಕೆ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿ "ಬರುತ್ತೇನೆ" ಎಂದು ಐವತ್ತು ಸಲ ಹೇಳಿಸಿದ್ದರು. ಈಗ ಅದೇ "ಬತ್ತೆ" ಮೊಬೈಲಿನಲ್ಲಿ ಜನರನ್ನು ನಗಿಸುವ ಸರಕು. ವರ್ಷಕ್ಕೊಮ್ಮೆ ವೇದಿಕೆ ಹಾಕಿ ನಮ್ಮ ಭಾಷೆಗೆ ಜೈ ಎನ್ನುತ್ತಾರೆ. ಭಾಷಣ ಮುಗಿಸಿ ಇಳಿದವರು ಮಕ್ಕಳನ್ನು "ಕಮ್, ಕಮ್" ಎಂದು ಕರೆದು ಕಾರು ಹತ್ತಿಸುತ್ತಾರೆ. ಮೊನ್ನೆ ಮೊನ್ನೆ ಬಂದ ಬೋಟಿಂಗಿನವರು ಕೋಮಣಗುಂಡಿಯ ದಡದಲ್ಲಿ "ಲವರ್ಸ್ ಪಾಯಿಂಟ್" ಎಂದು ಬೋರ್ಡು ನೆಟ್ಟಿದ್ದಾರೆ. ಬಟ್ಟೆ ಕಳೆದುಕೊಂಡ ಜಾಗಕ್ಕೆ ಆ ಹೆಸರು ಪೂರ್ತಿ ತಪ್ಪೆಂದು ಹೇಳಲೂ ಬಾರದು. ಅದಕ್ಕೇ ಇನ್ನಷ್ಟು ಸಿಟ್ಟು.

ಮೂರು ವರ್ಷದ ಹಿಂದೆ ಬೆಂಗಳೂರಿನ ಯಾವುದೋ ಕಾಲೇಜಿನಿಂದ ಇಬ್ಬರು ಓದುವ ಮಕ್ಕಳು ಬಂದಿದ್ದರು, ಹಳಬರ ಮಾತನ್ನು ದಾಖಲಿಸಿಕೊಳ್ಳಲು. ಯಾರೋ ನನ್ನ ಅಂಗಡಿ ತೋರಿಸಿದ್ದರು. ನಾನು ಅವರನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅವರಿಗೂ ಬೈಯಬೇಕೆಂದು ಈಗ ಬಹಳ ಹುಡುಕುತ್ತೇನೆ, ಕಾರಣ ಸಿಗುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದರು, ನೆಲದ ಮೇಲೆ ಕೂತರು, ಕೊಟ್ಟ ಚಾ ಕುಡಿದರು. ಹುಡುಗಿ ತಾನು ಬಂದ ಉದ್ದೇಶ ತಿಳಿಸಲು ಹವಾಯಿಯ ಕತೆ ಹೇಳಿದಳು. ಸಮುದ್ರದ ನಡುವಿನ ಆ ದ್ವೀಪಗಳಲ್ಲಿ ಹೊರಗಿನವರ ಆಳ್ವಿಕೆ ಬಂದು, ಮನೆ ಮಾತು ಶಾಲೆಯಿಂದ ಹೊರಗೆ ಬಿತ್ತಂತೆ. ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದರಂತೆ. ಕೊನೆಗೆ ಒಂದು ಚಿಕ್ಕ ದ್ವೀಪದಲ್ಲಿ ಮಾತ್ರ ಅದು ಮನೆಮನೆಯ ಮಾತಾಗಿ ಉಳಿಯಿತಂತೆ. ಆಮೇಲೆ ಎಚ್ಚೆತ್ತವರು ಮುದುಕರನ್ನು ಕೂರಿಸಿ ಮಾತಾಡಿಸಿ ಟೇಪಿನಲ್ಲಿ ಹಿಡಿದಿಟ್ಟರಂತೆ. ಈಗ ಮೊಮ್ಮಕ್ಕಳು ಅದನ್ನು ಕೇಳಿ ಕಲಿಯುತ್ತಾರಂತೆ.

ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ಹವಾಯಿ ಅಂದ್ರೆ ನಮ್ ಕಾಲಿನ್ ಚಪ್ಲಿ ಅಲ್ದನಾ ಮಾಣಿ? ಅದ್ಕೂ ಒಂದ್ ಊರ್ ಇತ್ತಾ?" ಎಂದಳು. ನನಗೆ ಅರುವತ್ತಾಗಿದ್ದರೂ ಅವಳಿಗೆ ನಾನು ಮಾಣಿಯೇ, ಚಿಕ್ಕ ಹುಡುಗನೇ.

ಆಗ ಇನ್ನೂ ಮೈಕು ಹಚ್ಚಿರಲಿಲ್ಲ. ಆವತ್ತು ಅವಳು ಅವಳಾಗಿ ಆಡಿದ ಕೊನೆಯ ಮಾತು ಅದು.

ಯಾಕೆಂದರೆ ಅದಾದ ಕೂಡಲೇ ನಾನು ಅವಳನ್ನು ಅಡುಗೆಮನೆಗೆ ಕರೆದು ಹೇಳಿದೆ: "ಅಕ್ಕ, ಓದಿದ್ ಮಕ್ಕಳ್ ಬಂದಿದೊ. ಲಾಯ್ಕ್ ಮಾಡಿ ಮಾತಾಡ್. ನಮ್ ಹೊಳಿಬದಿ ಮಾತ್ ತೆಗಿಬೇಡ. ಆ ಕೋಮಣ-ಗೀಮಣ ಎಲ್ಲ ಹೇಳ್ಬೇಡ, ಮರ್ಯಾದಿ ಹೋತ್."

ಇದು ನಾವು ಮಾತ್ರ ಮಾಡುವ ತಪ್ಪು. ಹೊರಗಿನವರು ಮನೆಗೆ ಬಂದರೆ ಒಳ್ಳೆಯ ಲೋಟ ತೆಗೆಯುತ್ತೇವಲ್ಲ, ಹಾಗೆ ಒಳ್ಳೆಯದೆಂದುಕೊಂಡ ಕನ್ನಡವನ್ನೂ ತೆಗೆಯುತ್ತೇವೆ. ಮುಂಬಯಿಯಲ್ಲಿ ಹಿಂದಿ, ಮಂಗಳೂರಿನಲ್ಲಿ ತುಳು, ಬೆಂಗಳೂರಿನವರ ಎದುರು ಪುಸ್ತಕದ ಕನ್ನಡ. ನಮ್ಮ ಮಾತನ್ನು ಮಾತ್ರ ಹಿತ್ತಲ ಬಾಗಿಲಿನಿಂದ ಹೊರಗೆ ಕಳಿಸುತ್ತೇವೆ.

ಅಕ್ಕ ನಾಲ್ಕನೇ ತರಗತಿಯ ತನಕ ಕಲಿತವಳು. ಇದ್ದಬದ್ದ ಶಾಲೆ ಕನ್ನಡವನ್ನೆಲ್ಲ ಕೂಡಿಸಿಕೊಂಡು ಮೈಕಿನ ಎದುರು ನೆಟ್ಟಗೆ ಕೂತಳು. "ನಾವು ಬೆಳಿಗ್ಗೆ ಬೇಗನೆ ಏಳುತ್ತೇವೆ. ಹೊಳೆಗೆ ಹೋಗುತ್ತೇವೆ. ಚಿಪ್ಪನ್ನು ಹೆಕ್ಕುತ್ತೇವೆ." ಎರಡನೇ ತರಗತಿಯ ಪಾಠ ಒಪ್ಪಿಸಿದಂತೆ. ಹುಡುಗಿ ಪಾಪ, "ನೀವು ಮನೇಲಿ ಮಾತಾಡೋ ಹಾಗೇ ಮಾತಾಡಿ ಅಮ್ಮ" ಎಂದಳು. ಅಕ್ಕ ನನ್ನ ಮುಖ ನೋಡಿದಳು. ನಾನು ಹುಬ್ಬು ಗಂಟು ಹಾಕಿದೆ. "ಆ ಗುಂಡಿಗೆ ಏನು ಹೆಸರು?" ಎಂದು ಹುಡುಗ ಕಿಟಕಿಯಿಂದ ಕೈ ತೋರಿಸಿ ಕೇಳಿದ. ಅಕ್ಕ ಮತ್ತೆ ನನ್ನನ್ನು ನೋಡಿ, "ಅದಕ್ಕೆ ಹೆಸರು ಇಲ್ಲ" ಎಂದಳು.

ಬೊಜ್ಜದ ಮರುದಿನ ಅಕ್ಕನ ಮಗಳು ಶಾರದೆ ನನ್ನ ಹತ್ತಿರ ಬಂದು ಕೂತಳು. ಅವಳನ್ನು ಬ್ರಹ್ಮಾವರಕ್ಕೆ ಮದುವೆ ಮಾಡಿ ಕೊಟ್ಟಿದೆ. ಏಳು ವರ್ಷದ ಮಗಳಿದ್ದಾಳೆ. ಆ ಮಗುವಿನ ಹತ್ತಿರ ಶಾರದೆ ಆಡುವುದು "ಬಾ ಪುಟ್ಟಿ, ಊಟ ಮಾಡು ಪುಟ್ಟಿ" ಎಂಬ ಇಸ್ತ್ರಿ ಹಾಕಿದ ಕನ್ನಡ. "ಮಾವ, ಅಬ್ಬಿ ದನಿ ನಿಮ್ ಮೊಬೈಲಂಗೆ ಇತ್ತಂಬ್ರಲೆ. ಒಂಚೂರ್ ಹಾಕಿ, ಕೇಂತೆ" ಎಂದಳು. ಅವಳ ಬಳಿ ತಾಯಿಯ ಫೋಟೊ ಬೇಕಾದಷ್ಟಿದ್ದವು, ದನಿ ಇರಲಿಲ್ಲ. ಆ ಕಾಲೇಜಿನ ಮಕ್ಕಳು ಕಳಿಸಿಕೊಟ್ಟಿದ್ದನ್ನು ನಾನು ತೆರೆದು ಹಚ್ಚಿದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

"ಇದ್ ಅಬ್ಬಿ ಅಲ್ಲ."

"ಅವ್ಳೇ ಹೆಣೆ."

"ಅಲ್ಲ. ಇದ್ ಯಾರೋ ಟೀಚರ್. ಅಬ್ಬಿ ಎಂತಕ್ ಹೀಂಗ್ ಮಾತಾಡ್ತ್?"

ಸುಳ್ಳು ಹೇಳಬಹುದಿತ್ತು. ಆ ಕಾಲೇಜಿನ ಮಕ್ಕಳ ಮೇಲೆ ಹಾಕಬಹುದಿತ್ತು. ಅವರು ಬಂದು ಅಲ್ಲವೆನ್ನುತ್ತಿರಲಿಲ್ಲ. ಆದರೆ ಅಷ್ಟು ದಿನ ಊರಿಗೆಲ್ಲ ಬೈದು ಬೈದು ನನಗೂ ಸುಸ್ತಾಗಿತ್ತು. ನಾನೇ ಹೇಳಿದ್ದು, ಹಾಗೆ ಮಾತಾಡು ಎಂದು ನಾನೇ ಹೇಳಿಕೊಟ್ಟದ್ದು, ಎಂದೆ.

ಶಾರದೆ ಎದ್ದು ನಿಂತಳು. ಆಮೇಲೆ ಶುರುವಾಯಿತು.

"ಎಂತಕ್ ಮಾವ? ನಿಮ್ಗ್ ಹಾಂಗ್ ಹೇಳುಕೆ ಯಾರ್ ಹೇಳ್ರ್? ಅಬ್ಬಿ ಹುಟ್ಟಿದಾರಭ್ಯ ಆಡಿದ್ ಮಾತ್ ನಿಮ್ಗ್ ಒಂದ್ ತಾಸ್ ನಾಚ್ಕಿ ಆಯ್ತಾ? ಆ ಮಕ್ಕಳಿಗ್ ಅರ್ಥ ಆತಿಲ್ಲೆ ಅಂದ್ರೆ ಅವ್ರೇ ಕೇಂತಿದ್ರ್, ನಿಮ್ಗೆಂತ ಬಿಸಿ? ಊರವ್ರ್ ಅಂಗಿ ಹೊಲ್ದ್ ಹೊಲ್ದ್ ಕಡಿಗ್ ನಮ್ಮಬ್ಬಿ ಬಾಯಿಗೂ ಹೊಲ್ಗಿ ಹಾಕ್ದ್ರಲೆ! ನಂಗ್ ಇನ್ನ್ ಎಲ್ ಸಿಕ್ಕತ್ತ್ ಆ ದನಿ? ಹೇಳಿ ಕಾಂಬ, ಎಲ್ ಸಿಕ್ಕತ್ತ್?"

ಜಗಲಿಯಲ್ಲಿದ್ದವರು ಇಣುಕಿದರು. ಸತ್ತವರ ಮನೆ ಎಂಬುದನ್ನು ಯಾರೂ ನೆನಪಿಸಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ, ಮೊದಲು ನಾಚಿಕೆಯಿಂದ, ಆಮೇಲೆ ಬೇರೆ ಕಾರಣದಿಂದ. ಆ ಏರಿಳಿತ, "ಎಂತ ಬಿಸಿ" ಎನ್ನುವಾಗಿನ ಆ ಮೂಗಿನ ದನಿ, ಮಾತಿನ ನಡುವೆ ಸೊಂಟಕ್ಕೆ ಹೋಗುವ ಆ ಕೈ! ಚಿಪ್ಪಿಗೆ ಚೌಕಾಸಿ ಮಾಡಿದವರನ್ನು ಅಕ್ಕ ಪೇಟೆಯಲ್ಲಿ ಹೀಗೇ ಬೆವರಿಳಿಸುತ್ತಿದ್ದಳು. ನಾನು ಕೇಳುತ್ತ ಕೂತೆ. ಸಿಟ್ಟು ಬಂದಾಗ ಯಾರಿಗೂ ಶಾಲೆ ಕನ್ನಡ ಬರುವುದಿಲ್ಲ ಎಂಬುದು ಅರುವತ್ತಮೂರನೇ ವಯಸ್ಸಿನಲ್ಲಿ ನನಗೆ ತಿಳಿಯಿತು. ಇಷ್ಟು ದಿನ ನಾನು ನನ್ನೊಳಗೇ ಬೈದುಕೊಂಡದ್ದು ಕೂಡ ಆ ಮಾತಿನಲ್ಲೇ. ಬರೆಯಲು ಕೂತ ಮೇಲೆ ಅದಕ್ಕೆ ಅಂಗಿ ತೊಡಿಸಿದ್ದೇನೆ.

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, "ಇನ್ನೂ ಬೈ ಹೆಣೆ" ಎಂದೆ. ಅವಳು ಬೈಯಲಿಲ್ಲ. ಅಳಲು ಶುರುಮಾಡಿದಳು. ನನಗೂ ಅದು ಬರುತ್ತದೆಂದು ಆವತ್ತೇ ಗೊತ್ತಾದದ್ದು.

ಈಗ ಎರಡು ತಿಂಗಳಾಯಿತು. ಶಾರದೆ ಸಮಾಧಾನವಾಗಿದ್ದಾಳೆ, ಮಗಳ ಹತ್ತಿರ ಮತ್ತೆ ಇಸ್ತ್ರಿ ಕನ್ನಡ ಆಡುತ್ತಾಳೆ. ಬೇಡವೆಂದು ಹೇಳಲು ನನಗೆ ಬಾಯಿಲ್ಲ. ಆದರೆ ಕೈಯಿದೆ, ಕಸುಬಿದೆ. ಹೋದ ವಾರ ಅವಳು ಹೊಲಿಯಲು ಕೊಟ್ಟಿದ್ದ ರವಿಕೆಯ ತೋಳನ್ನು ಬೇಕೆಂದೇ ಅರ್ಧ ಇಂಚು ಬಿಗಿ ಮಾಡಿ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಫೋನು.

"ಮಾವಾ! ಕಣ್ಣ್ ಎಲ್ಲಿಟ್ಕಂಡ್ ಹೊಲ್ದ್ರಿ? ಕೈ ಒಳ್ಗ್ ಹೋತಿಲ್ಲೆ!"

ಹಿಂದಿನಿಂದ ಪುಟ್ಟಿಯ ದನಿ, ನಗುತ್ತ, ಅಮ್ಮನ ರಾಗದಲ್ಲೇ: "ಕಣ್ಣ್ ಎಲ್ಲಿಟ್ಕಂಡ್ ಹೊಲ್ದ್ರಿ? ಕಣ್ಣ್ ಎಲ್ಲಿಟ್ಕಂಡ್ ಹೊಲ್ದ್ರಿ?"

ಇನ್ನೊಂದು ರವಿಕೆ ಕಳಿಸು ಎಂದಿದ್ದೇನೆ.