ಆರ್ಕುಟ್‌ನಲ್ಲಿ ಉಳಿದ ನೀಲಮ

ನೀಲಮ ಉಗಾರ ಖುರ್ದದ ಹಾಲಿನ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ತಂದೆ-ತಾಯಿ ತೀರಿಕೊಂಡ ಮೇಲೆ ಅಣ್ಣ ಸುರಜನ ಮನೆಯಲ್ಲಿದ್ದಳು. ಎರಡು ಸಲ ಮದುವೆಯ ಮಾತು ಬಂದು ನಿಂತುಹೋಗಿತ್ತು. ರವಿವಾರ ಮಧ್ಯಾಹ್ನ ಉತ್ತಮನ ಸೈಬರ್ ಕೆಫೆಗೆ ಹೋಗಿ ಆರ್ಕುಟ್ ಎಂಬ ಜಾಲತಾಣ ತೆರೆದು ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಲ್ಲಿ ಅವಳ ಹೆಸರು ‘ಕಾಜವಾ’, ಮರಾಠಿಯಲ್ಲಿ ಮಿಂಚುಹುಳ.

೨೦೦೮ರಲ್ಲಿ ಹಳೆಯ ಹಾಡುಗಳ ಗುಂಪೊಂದರಲ್ಲಿ ನಿಪ್ಪಾಣಿಯ ‘ಮುಸಾಫಿರ’ ಪರಿಚಯವಾದ. ಬೀಡಿ ಕಟ್ಟಿ ಕಟ್ಟಿ ಎದೆ ಕೆಟ್ಟಿದ್ದ ತಾಯಿಯ ವಿಷಯ ಬರೆಯುತ್ತಿದ್ದ. ಅತ್ತಿಗೆಯ ಎದುರು ಎರಡನೇ ರೊಟ್ಟಿಗೆ ಕೈ ಚಾಚಲು ಸಂಕೋಚವಾಗುತ್ತದೆಂದು, ಯಾರಿಗೂ ಹೇಳದ್ದನ್ನು, ನೀಲಮ ಅವನಿಗೆ ಬರೆದಳು. ಒಮ್ಮೆ ನಿಜವಾದ ಹೆಸರು ಕೇಳಿದ್ದಕ್ಕೆ ಅವನು, “ಹೆಸರ ಹೇಳಿದ್ರ ಮನೆತನದ ಅಡ್ಡಹೆಸರ ಬರತೈತಿ, ಅದರ ಬೆನ್ನಿಗೆ ಜಾತಿ. ನಾವು ಹಿಂಗ ಇರೋಣ್ರಿ” ಎಂದಿದ್ದ. ಬೌದ್ಧರಾದ ದಲಿತ ಮನೆತನದ ನೀಲಮಳಿಗೆ ಆ ಮಾತು ಓದಿ ಮನಸ್ಸು ಹಗುರಾಗಿತ್ತು.

ಅಷ್ಟರಲ್ಲಿ ಎಲ್ಲ ಕಡೆ ಫೇಸ್‌ಬುಕ್ಕಿನ ಮಾತು. ಗುಂಪಿನವರು ಒಬ್ಬೊಬ್ಬರಾಗಿ ಅತ್ತ ಹೊರಟರು. ಅತ್ತಿಗೆಯ ಬಾಣಂತನದ ಗಡಿಬಿಡಿಯಲ್ಲಿ ನೀಲಮಳಿಗೆ ಎರಡು ತಿಂಗಳು ಕೆಫೆಗೆ ಹೋಗಲಾಗಲಿಲ್ಲ. ಹೋದಾಗ ಮುಸಾಫಿರನ ಒಂದು ಸಂದೇಶ ಬಂದು ಬಿದ್ದಿತ್ತು: “ಇಲ್ಲಿ ಯಾರೂ ಉಳಿದಿಲ್ರಿ. ನಾನೂ ಫೇಸ್‌ಬುಕ್ಕಿಗೆ ಹೊಂಟೇನಿ. ಅಲ್ಲೇ ಬರ್ರಿ.” ಬರೆದವನ ಖಾತೆ ಅಳಿಸಿಹೋಗಿತ್ತು.

ಅವತ್ತೇ ಅವಳೂ ಫೇಸ್‌ಬುಕ್ ಸೇರಿದಳು. ಅಲ್ಲಿ ಎಲ್ಲರೂ ಸ್ವಂತ ಹೆಸರು, ಅಡ್ಡಹೆಸರಿನಲ್ಲಿದ್ದರು. ಮುಸಾಫಿರರು ಬೇಕಾದಷ್ಟು ಸಿಕ್ಕರು, ನಿಪ್ಪಾಣಿಯವನು ಸಿಗಲಿಲ್ಲ. ನಿಪ್ಪಾಣಿಯ ಹುಡುಗರ ಮುಖಗಳನ್ನು ನೋಡುತ್ತ ಹೋದಳು. ಯಾರ ತಾಯಿಗೆ ಕೆಮ್ಮಿದೆಯೆಂದು ಮುಖ ನೋಡಿ ಹೇಗೆ ತಿಳಿಯಬೇಕು? ಅವನಿಗಾದರೂ ತಾನು ಸಿಗಲೆಂದು ಹೆಸರನ್ನು ‘ಕಾಜವಾ’ ಎಂದು ಬದಲಿಸಿದಳು. ಪಾವಣ್ಯಾರು, ನೆಂಟರಿಷ್ಟರು, ಕೇಳುತ್ತಿದ್ದಾರೆ, ಚಂದ ಕಾಣುವುದಿಲ್ಲ ಎಂದು ಸುರಜ ಗೊಣಗಿದ. ಅವಳು ಮತ್ತೆ ನೀಲಮ ಆದಳು. ಒಂದು ದಿನ ಧೈರ್ಯ ಮಾಡಿ, “ಮುಸಾಫಿರ, ತಾಯಿಗೆ ಹೆಂಗೈತ್ರಿ?” ಎಂದು ಎಲ್ಲರಿಗೂ ಕಾಣುವಂತೆ ಬರೆದಳು. ಯಾರ ತಾಯಿ ಎಂದು ಸೋದರತ್ತೆಯ ಮಗಳು ಕೇಳಿದಳು. ನಾಲ್ಕಾರು ಜನ ಲೈಕ್ ಒತ್ತಿದರು. ಸಂಜೆಯೊಳಗೆ ಅದನ್ನು ತೆಗೆದುಹಾಕಿದಳು.

ಆದರೂ ರವಿವಾರ ಆರ್ಕುಟ್ ತೆರೆಯುವುದನ್ನು ಬಿಡಲಿಲ್ಲ. ಕೆಫೆಯ ಉತ್ತಮ ಒಮ್ಮೆ ಮೆಲ್ಲಗೆ, “ಅಕ್ಕಾರ, ಅಲ್ಲಿ ಈಗ ಯಾರೂ ಇಲ್ರಿ” ಎಂದ.

“ನಾ ಇದ್ದೇನಲ್ಲ,” ಎಂದಳು ನೀಲಮ.

೨೦೧೪ರಲ್ಲಿ ಆರ್ಕುಟ್ ಮುಚ್ಚಿತು. ಕೆಫೆ ಮೊಬೈಲ್ ಅಂಗಡಿಯಾಯಿತು. ನೀಲಮ ಅಲ್ಲೇ ಒಂದು ಫೋನ್ ಕೊಂಡಳು. ಸುರಜ ಅವಳನ್ನು ಮನೆತನದ ವಾಟ್ಸಾಪ್ ಗುಂಪಿಗೆ ಸೇರಿಸಿದ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರಗಳು ಬರುತ್ತವೆ. ಅವಳು ಕೈಮುಗಿದ ಗುರುತು ಕಳಿಸಿ ಸಂಘಕ್ಕೆ ಹೊರಡುತ್ತಾಳೆ.