ದೊರೆ ಬಿಟ್ಟುಹೋದ ಹೆಸರು

ತಂಗಿಯನ್ನು ತಂಗಿಯೆಂದು ಒಪ್ಪಿಕೊಳ್ಳಬೇಕಾದ ಗಳಿಗೆಯಲ್ಲಿ ನಾನು ಒಪ್ಪಿಕೊಳ್ಳಲಿಲ್ಲ. ಅದರ ಮೂಲ, ಜಪಾನಿನ ಕೋಬೆ ಪಟ್ಟಣದ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಹೊಡೆದಿರುವ ಅಂಗೈಯಗಲದ ಹೆಸರಿನ ಹಲಗೆ. ಈ ದೇಶದಲ್ಲಿ ಮನುಷ್ಯನನ್ನು ಮನೆತನದ ಹೆಸರಿನಿಂದಲೇ ಕರೆಯುತ್ತಾರೆ. ಸ್ವಂತ ಹೆಸರು ಪೆಟ್ಟಿಗೆಯೊಳಗಿನ ಬಟ್ಟೆಯಂತೆ ಮಡಿಸಿಕೊಂಡು ಒಳಗೇ ಇರುತ್ತದೆ. ನನ್ನ ಹಲಗೆಯ ಮೇಲಿರುವುದು ‘ಟ್ರೆಗಾರ್ನ್’. ಕೋಲಾರದ ಚಿನ್ನದ ಗಣಿಯ ಕಡೆಯ ಅಡುಗೆಯವನಿಗೆ ಇದೆಲ್ಲಿಯ ಹೆಸರು ಎಂದು ನೀವೂ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಹೇಳುತ್ತಿದ್ದ ಉತ್ತರ ಒಂದೇ: ಮುತ್ತಾತ ಇಂಗ್ಲೆಂಡಿನ ಗಣಿ ದೊರೆ. ನಮ್ಮ ಹೋಟೆಲಿನ ಯಜಮಾನ ಮೊರಿ-ಸಾನ್ (ಹೊರಗಿನವರನ್ನು ಗೌರವದಿಂದ ಕರೆಯುವಾಗ ಇಲ್ಲಿ ಹೆಸರಿಗೆ ‘ಸಾನ್’ ಸೇರಿಸುತ್ತಾರೆ) ಅದನ್ನು ಗಿರಾಕಿಗಳಿಗೆಲ್ಲ ಹೇಳಿ ಹಿಗ್ಗುತ್ತಿದ್ದರು.

ನಿಜವನ್ನು ಹುಡುಕಿದವಳು ಇದೇ ದೇಶದ ಹಮಾಮತ್ಸು ಎಂಬ ಊರಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿರುವ ತಂಗಿ ಗ್ರೇಸಿ. ರಜೆಗೆ ಊರಿಗೆ ಹೋದವಳು ಚರ್ಚಿನ ಹಳೆಯ ದೀಕ್ಷಾಸ್ನಾನದ ಪುಸ್ತಕ ತೆಗೆಸಿ ಓದಿ ನನಗೂ ತಿಳಿಸಿದಳು. ದೊರೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯವನು. ಅಲ್ಲಿನ ಹಳೆಯ ಭಾಷೆಯಲ್ಲಿ ‘ಟ್ರೆ’ ಎಂದರೆ ಹಟ್ಟಿ. ಆ ಹಟ್ಟಿಯ ಹೆಸರೇ ವಂಶದ ಹೆಸರಾಗಿ, ಅವನ ನಾಡಿನಲ್ಲೇ ಬೆರಳೆಣಿಕೆಯ ಮನೆಗಳಲ್ಲಿ ಉಳಿದಿತ್ತಂತೆ. ಅವನ ಬೂಟು ಒರೆಸುತ್ತಿದ್ದ ಆಳು ಮುನಿಯಪ್ಪ ದೀಕ್ಷೆ ಪಡೆದ ದಿನ, ಹಳೆಯ ಕೋಟು ಕೊಟ್ಟ ಹಾಗೆ ಆ ಹೆಸರನ್ನು ಅವನ ಮೈಗೆ ಹೊದಿಸಿ ದೊರೆ ಹಡಗು ಹತ್ತಿದ. ಮುನಿಯಪ್ಪನೇ ನಮ್ಮ ಮುತ್ತಾತ. ಹೆತ್ತವರು ಇಟ್ಟ ಹೆಸರನ್ನು ಅಳಿಸಲು ಆ ದೊರೆ ಯಾರು? ನೆನೆದರೆ ಈಗಲೂ ಮೈ ಉರಿಯುತ್ತದೆ. ಅದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲೆ: ದೊರೆ ಒಮ್ಮೆ ಅಳಿಸಿದ್ದನ್ನು ನಾನು ದಿನವೂ ಅಳಿಸುತ್ತ ಬಂದೆ.

ಒಂದು ಭಾನುವಾರ ಗ್ರೇಸಿ ಹೋಟೆಲಿಗೆ ಊಟಕ್ಕೆ ಬಂದಳು. ಮೊರಿ-ಸಾನ್ ಬಗ್ಗಿ ವಂದಿಸಿ, “ನಿಮ್ಮ ಮುತ್ತಾತ ದೊಡ್ಡ ದೊರೆಯಂತೆ!” ಎಂದರು.

“ದೊರೆ ಅಲ್ಲ, ದೊರೆಯ ಬೂಟು ಒರೆಸ್ತಿದ್ದವರು,” ಎಂದು ಅವಳು ನಗುತ್ತ ಜಪಾನಿಯಲ್ಲೇ ಹೇಳಿದಳು. ತುಂಬಿದ ಹೋಟೆಲು ನನ್ನತ್ತ ತಿರುಗಿತು.

ಆಗ ನಾನು ಅಂದೆ: “ಇವಳು ನನ್ನ ಸ್ವಂತ ತಂಗಿ ಅಲ್ಲ. ನಮ್ಮ ತಾಯಿ ಸಾಕಿದ ಮಗು. ಮನೆತನದ ವಿಷಯ ಇವಳಿಗೇನು ಗೊತ್ತು?”

ಗ್ರೇಸಿ ಚಮಚ ಕೆಳಗಿಟ್ಟಳು. “ಬರ್ತೀನಿ, ಟ್ರೆಗಾರ್ನ್-ಸಾನ್,” ಎಂದಳು. ಅಣ್ಣಾ ಎನ್ನಲಿಲ್ಲ. ಆಮೇಲೆ ಮೂರು ತಿಂಗಳು ನನ್ನ ಫೋನು ಎತ್ತಲಿಲ್ಲ.

ಮೊನ್ನೆ ಮಧ್ಯಾಹ್ನದ ಊಟದ ಹೊತ್ತಿಗೆ ಅಡುಗೆಮನೆಯಿಂದ ಹೊರಬಂದು ಮಾಡಬೇಕಾದದ್ದನ್ನು ಮಾಡಿ, ಏಪ್ರನ್ ಕಳಚಿಟ್ಟು ಹಮಾಮತ್ಸುವಿನ ರೈಲು ಹತ್ತಿದೆ. ಬಾಗಿಲು ಅರ್ಧ ತೆರೆದ ಗ್ರೇಸಿ, “ಏನು ದೊರೆಗಳು ಇಷ್ಟು ದೂರ? ಸಾಕಿದ ಮಗು ನೆನಪಾಯ್ತಾ?” ಎಂದಳು.

“ತಪ್ಪಾಯ್ತು ಕಣಮ್ಮ. ನೀನು ನನ್ನ ಒಡಹುಟ್ಟಿದವಳು. ಮೊರಿ-ಸಾನ್ ಮುಂದೆ, ಊಟಕ್ಕೆ ಕೂತಿದ್ದವರೆಲ್ಲರ ಮುಂದೆ, ನಿನ್ನ ವಿಷಯದಲ್ಲೂ ಮುತ್ತಾತನ ವಿಷಯದಲ್ಲೂ ನಾನು ಸುಳ್ಳು ಹೇಳಿದ್ದೆ ಅಂತ ಹೇಳಿಯೇ ಬಂದಿದ್ದೀನಿ. ಕ್ಷಮಿಸು.”